ಪ್ರಯೋಗಶಾಲೆಯ ವಾರಾನ್ನ

ಮೈಸೂರು, ಬೆಂಗಳೂರು, ಧಾರವಾಡಗಳಿಗೆ ಓದಲೆಂದು ಹಳ್ಳಿಯಿಂದ ಬಂದ ಎಷ್ಟೋ ಬಡ ಹುಡುಗರು ಒಂದು ಕಾಲದಲ್ಲಿ ವಾರಾನ್ನ ಉಂಡೇ ವಿದ್ಯಾವಂತರಾದರು. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ, ಬುಧವಾರ ಅಮಲ್ದಾರರ ಮನೆ. ವಾರದ ಏಳು ದಿನಗಳಲ್ಲಿ ಒಂದು ದಿನಕ್ಕೆ ಮನೆ ಗೊತ್ತಾಗದೆ ಹೋದರೆ ಆ ದಿನ ಕೊಳಾಯಿಯ ನೀರೇ ಊಟ. ಎಲೆಯ ಮುಂದೆ ಕೂರಿಸಿ ಬಡಿಸಿದ ತಾಯಂದಿರು, ಹುಡುಗ ಓದಿ ಏನಾಗುವನೆಂದು ಮುಚ್ಚಳಿಕೆ ಬರೆಸಿಕೊಂಡವರಲ್ಲ. ಅವನು ಪರೀಕ್ಷೆಯಲ್ಲಿ ನಪಾಸಾದರೂ ಮುಂದಿನ ಸೋಮವಾರ ಎಲೆ ಹಾಕುತ್ತಿದ್ದರು.

ಆ ಪದ್ಧತಿ ನಮ್ಮ ಊರುಗಳಿಂದ ಬಹುಮಟ್ಟಿಗೆ ಮರೆಯಾಯಿತು. ಆದರೆ ಲಂಡನ್ ಮೊದಲಾದ ಮಹಾನಗರಗಳ ವೈದ್ಯಕೀಯ ಪ್ರಯೋಗಶಾಲೆಗಳಲ್ಲಿ ಅದು ಬೇರೊಂದು ವೇಷದಲ್ಲಿ ಇಂದಿಗೂ ನಡೆಯುತ್ತಿದೆ ಎಂದರೆ ಸೋಜಿಗವೆನಿಸೀತು. ಬಿಳಿಯ ನಿಲುವಂಗಿ ತೊಟ್ಟು ಸೂಕ್ಷ್ಮದರ್ಶಕದ ಮುಂದೆ ಕುಳಿತ ತರುಣ ಸಂಶೋಧಕನ ಮೂರು ವರ್ಷದ ವೇತನ ಒಂದು ದತ್ತಿಸಂಸ್ಥೆಯದು. ಅವನ ಮೇಜಿನ ಮೇಲಿನ ಯಂತ್ರ ಎಂದೋ ತೀರಿಹೋದ ಯಾರೋ ವೃದ್ಧೆಯ ಉಯಿಲಿನಿಂದ ಬಂದದ್ದು. ರಾಸಾಯನಿಕಗಳ ಖರ್ಚು ಮೂರನೆಯದೊಂದು ನಿಧಿಯದು. ಕಟ್ಟಡದ ಸೂರು, ದೀಪ, ನೀರು ಮಾತ್ರ ವಿಶ್ವವಿದ್ಯಾಲಯದ ಲೆಕ್ಕಕ್ಕೆ. ವಾರಾನ್ನದ ಹುಡುಗನಿಗೆ ಗೊತ್ತಿದ್ದ ಆತಂಕವೇ ಇವನಿಗೂ: ಮೂರು ವರ್ಷ ಮುಗಿದ ಮೇಲೆ ಯಾವ ಮನೆ?

ಯಕೃತ್ತಿನ ರೋಗಗಳನ್ನು ಅರಸಹೊರಟವನಿಗೆ ಈ ಮನೆಗಳು ಸಿಕ್ಕುವುದೇ ದುರ್ಲಭ. ಯಕೃತ್ತು—ಹಿಂದಿನವರು ಈಲಿ ಎಂದು ಕರೆದದ್ದು, ಇಂದಿನ ಮನೆಮಾತಿನ ಲಿವರ್—ಸ್ವಭಾವತಃ ಮೌನಿ. ಬಲಗಡೆಯ ಪಕ್ಕೆಲುಬಿನ ಮರೆಯಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗ, ತನ್ನ ಬಹುಭಾಗ ಕೆಟ್ಟುಹೋಗುವವರೆಗೂ ನೋವಿನ ಸುದ್ದಿಯನ್ನೇ ಕಳುಹಿಸುವುದಿಲ್ಲ. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ರೋಗಿ ವೈದ್ಯರ ಬಳಿ ಬರುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಇದಕ್ಕಿಂತ ದೊಡ್ಡ ದುರದೃಷ್ಟ ಅದಕ್ಕೆ ಅಂಟಿಕೊಂಡ ಅಪಕೀರ್ತಿ. ಹೃದ್ರೋಗಿಯನ್ನು ಕಂಡು 'ಪಾಪ' ಎನ್ನುವ ನಾಲಗೆಯೇ ಯಕೃತ್ತಿನ ರೋಗಿಯನ್ನು ಕಂಡು 'ಕುಡಿತವಿತ್ತೇ?' ಎಂದು ಕೇಳುತ್ತದೆ. ಮದ್ಯದ ಹನಿಯನ್ನೂ ಮುಟ್ಟದ ಗೃಹಿಣಿಗೆ ವೈರಾಣುವಿನಿಂದ, ಸಕ್ಕರೆ ರೋಗದವನಿಗೆ ಕೊಬ್ಬಿನಿಂದ, ಹುಟ್ಟಿದ ಶಿಶುವಿಗೆ ಪಿತ್ತನಾಳ ಮುಚ್ಚಿಹೋಗುವುದರಿಂದ ಇದೇ ಗತಿ ಬರುವುದುಂಟು ಎಂಬುದು ಯಾರ ಮನಸ್ಸಿಗೂ ಬೇಗನೆ ಹೊಳೆಯದು. ಕಾಣಿಕೆಯ ಡಬ್ಬಿಯನ್ನು ಬೀದಿಯಲ್ಲಿ ಹಿಡಿದು ನಿಂತವನಿಗೆ ಈ ಸಂಶಯದ ಬೆಲೆ ಚೆನ್ನಾಗಿ ಗೊತ್ತು.

ಈ ಶಾಸ್ತ್ರದ ಮೊದಲ ಹೆಜ್ಜೆಗಳಿಗೆ ಅನ್ನವಿಕ್ಕಿದ ಮನೆಗಳು ಯಾವುವೆಂದು ನೋಡಿದರೆ ವಿಚಿತ್ರವಾದ ಸಂಗತಿಗಳು ಹೊರಬೀಳುತ್ತವೆ. 1941ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಕೀಯ ಪದವಿ ಪಡೆದ ಶೀಲಾ ಶರ್ಲಾಕ್ ಎಂಬ ತರುಣಿ, ಮರುವರ್ಷ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ ಬಂದು ಜಾನ್ ಮೆಕ್‌ಮೈಕಲ್ ಎಂಬ ವೈದ್ಯರ ಕೈಕೆಳಗೆ ಕೆಲಸಕ್ಕೆ ಸೇರಿದಳು. ಯುದ್ಧಕಾಲ, ಸೈನಿಕರಲ್ಲಿ ಕಾಮಾಲೆ ಹಬ್ಬಿತ್ತು. ಕಾಮಾಲೆಯೆಂದರೆ ಪಿತ್ತನಾಳದ ಬಾಯಿಗೆ ಲೋಳೆ ಕಟ್ಟಿಕೊಂಡು ಪಿತ್ತವು ಹಿಂದಕ್ಕೆ ಹರಿಯುವುದು ಎಂಬ ಹಳೆಯ ಸಿದ್ಧಾಂತ ಆಗ ಇನ್ನೂ ಉಸಿರಾಡುತ್ತಿತ್ತು. ಅದು ನಿಜವೋ ಸುಳ್ಳೋ ತಿಳಿಯಬೇಕಾದರೆ ಬದುಕಿರುವ ರೋಗಿಯ ಯಕೃತ್ತನ್ನು ಕಣ್ಣಿನಿಂದ ಕಾಣಬೇಕು. ರೋಗಿ ಉಸಿರು ಹಿಡಿದಿರುವ ಒಂದು ಕ್ಷಣದಲ್ಲಿ ಪಕ್ಕೆಲುಬುಗಳ ನಡುವೆ ಟೊಳ್ಳು ಸೂಜಿಯನ್ನು ತೂರಿಸಿ, ದಾರದಷ್ಟು ತೆಳ್ಳಗಿನ ಚೂರನ್ನು ತೆಗೆಯುವ ವಿಧಾನವನ್ನು ಡೆನ್ಮಾರ್ಕಿನ ಇಬ್ಬರು ವೈದ್ಯರು 1939ರಲ್ಲಿ ಪ್ರಕಟಿಸಿದ್ದರು. ಹ್ಯಾಮರ್‌ಸ್ಮಿತ್‌ನ ಗುಂಪು ಅದನ್ನು ಕೈವಶ ಮಾಡಿಕೊಂಡು, 1943ರಲ್ಲಿ ತಾವು ಕಂಡದ್ದನ್ನು ಬರೆಯಿತು. ನಾಳದಲ್ಲಿ ಲೋಳೆಯಿರಲಿಲ್ಲ, ಯಕೃತ್ತಿನ ಕೋಶಗಳೇ ಉರಿಯೂತದಿಂದ ಸಾಯುತ್ತಿದ್ದವು. ಬಹುಕಾಲ ಮೆರೆದ ಒಂದು ಊಹೆ ಸೂಜಿಯ ತುದಿಯಲ್ಲಿ ಬಂದ ಚೂರಿನಿಂದ ಉರುಳಿತು.

ಆಕೆಯ ಮುಂದಿನ ಸಂಶೋಧನೆಗೆ ವೇತನ ಕೊಟ್ಟವರಲ್ಲಿ ಬೈಟ್ ಸ್ಮಾರಕ ನಿಧಿ ಒಂದು. ದಕ್ಷಿಣ ಆಫ್ರಿಕದ ಕಿಂಬರ್ಲಿಯಲ್ಲಿ ವಜ್ರ, ಅನಂತರ ಚಿನ್ನ ಇವುಗಳಿಂದ ಕುಬೇರನಾದ ಆಲ್‌ಫ್ರೆಡ್ ಬೈಟ್ 1906ರಲ್ಲಿ ತೀರಿಕೊಂಡ. ಅವನ ನೆನಪಿಗೆ ತಮ್ಮ ಆಟೋ ಬೈಟ್ 1909ರಲ್ಲಿ ಸಂಶೋಧಕ ವೈದ್ಯರಿಗೆ ವೇತನ ಕೊಡುವ ನಿಧಿಯನ್ನು ಇಟ್ಟ. 1947ರಲ್ಲಿ ಆಕೆಯನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿದ್ದು ರಾಕ್‌ಫೆಲರ್ ಪ್ರತಿಷ್ಠಾನದ ಪ್ರವಾಸವೇತನ. ಅದರ ಮೂಲಧನ ಸೀಮೆಎಣ್ಣೆಯದು; ಆ ಕಂಪೆನಿಯ ಎಣ್ಣೆ ಭಾರತಕ್ಕೂ ಬರುತ್ತಿದ್ದುದು ಎಲ್ಲರಿಗೂ ಗೊತ್ತು. ಇದೇ ಪ್ರತಿಷ್ಠಾನ ಹಳೆಯ ಮೈಸೂರು ಸಂಸ್ಥಾನದಲ್ಲಿ ಮಲೇರಿಯಾದ ಅಧ್ಯಯನಕ್ಕೂ ಮಂಡ್ಯದ ಗ್ರಾಮಾರೋಗ್ಯದ ಕೆಲಸಕ್ಕೂ ನೆರವಾಗಿತ್ತು. ಗಣಿಯ ಆಳದಲ್ಲಿ ದುಡಿದವರ ಬೆವರು, ಗುಡಿಸಲಿನ ಬುಡ್ಡಿದೀಪಕ್ಕೆ ತೆತ್ತ ಕಾಸು—ಇವು ಸುತ್ತಿ ಸುತ್ತಿ ಲಂಡನ್ನಿನ ರೋಗಿಯ ಹಾಸಿಗೆಯ ಬಳಿ ಸೂಜಿಯಾಗಿ ಬಂದವು. ಇಂಥ ಹಣದ ಪೂರ್ವಚರಿತ್ರೆ ಶುದ್ಧವೆಂದು ಯಾರೂ ಹೇಳಲಾರರು. ಆ ಹಣವನ್ನು ಶರ್ಲಾಕ್ ವ್ಯರ್ಥಮಾಡಲಿಲ್ಲವೆಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು. 1959ರಲ್ಲಿ ಆಕೆ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಪ್ರಾಧ್ಯಾಪಕಿಯಾದರು. ಬ್ರಿಟನ್ನಿನಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕ ಪೀಠವೇರಿದ ಮೊದಲ ಹೆಂಗಸು ಅವರೇ. 1965ರಲ್ಲಿ ಅವರೂ ಸಂಗಡಿಗರೂ, ನಡುವಯಸ್ಸಿನ ಹೆಂಗಸರನ್ನು ಹೆಚ್ಚಾಗಿ ಕಾಡುವ ಒಂದು ಬಗೆಯ ಪಿತ್ತನಾಳದ ರೋಗವನ್ನು ರಕ್ತಪರೀಕ್ಷೆಯಿಂದಲೇ ಗುರುತಿಸಬಹುದೆಂದು ತೋರಿಸಿದರು. ಹೊಟ್ಟೆ ಕೊಯ್ದು ನೋಡಬೇಕಾಗಿದ್ದ ಎಷ್ಟೋ ಕಡೆ ಒಂದು ತೊಟ್ಟು ರಕ್ತ ಸಾಕಾಯಿತು.

ಶರ್ಲಾಕರ ಬಳಿ ಕೆಲಸ ಕಲಿತ ರೋಜರ್ ವಿಲಿಯಮ್ಸ್ 1966ರಲ್ಲಿ ಅದೇ ನಗರದ ಕಿಂಗ್ಸ್ ಕಾಲೇಜ್ ಆಸ್ಪತ್ರೆಗೆ ಬಂದು ಯಕೃತ್ತಿನ ವಿಭಾಗವನ್ನು ಕಟ್ಟತೊಡಗಿದರು. ಅವರಿಗೆ ಬೇಗನೆ ತಿಳಿದುಬಂದ ಕಷ್ಟ ಇದು: ಸರ್ಕಾರದ ಆಸ್ಪತ್ರೆ ರೋಗಿಗೆ ಹಾಸಿಗೆ ಕೊಡುತ್ತದೆ, ಔಷಧ ಕೊಡುತ್ತದೆ, ಆ ಔಷಧ ಏಕೆ ನಾಟಲಿಲ್ಲವೆಂಬ ಪ್ರಶ್ನೆಗೆ ಹಾಸಿಗೆ ಕೊಡುವುದಿಲ್ಲ. 1974ರಲ್ಲಿ ಅವರು ಯಕೃತ್ತಿನ ಸಂಶೋಧನೆಗೆಂದೇ ಒಂದು ದತ್ತಿಸಂಸ್ಥೆಯನ್ನು ನೆಲೆಗೊಳಿಸಿದರು. ಅದು ಮುಂದೆ ಫೌಂಡೇಷನ್ ಫಾರ್ ಲಿವರ್ ರಿಸರ್ಚ್ ಎಂದು ಹೆಸರಾಯಿತು. ವಿಲಿಯಮ್ಸ್ 2020ರಲ್ಲಿ, ಎಂಬತ್ತೆಂಟು ವರ್ಷ ವಯಸ್ಸಿನಲ್ಲಿ ಕಾಲವಾದರು. ಅಲ್ಲಿಯವರೆಗೂ ಅವರು ಕೆಲಸ ಬಿಟ್ಟವರಲ್ಲ. ಆ ಸಂಸ್ಥೆಯ ಸಂಶೋಧನಾಲಯಕ್ಕೆ ಈಗ ಅವರ ಹೆಸರೇ ಇದೆ. ಅವರ ಮುಂದಾಳತನದ ತಜ್ಞರ ತಂಡವೊಂದು 2014ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ತನ್ನ ವರದಿಯನ್ನು ಮುದ್ರಿಸಿತು. 1970ರಿಂದೀಚೆಗೆ ಬ್ರಿಟನ್ನಿನಲ್ಲಿ ಇತರ ದೊಡ್ಡ ರೋಗಗಳಿಂದ ಸಾಯುವವರ ಪ್ರಮಾಣ ಇಳಿಯುತ್ತಿದ್ದರೆ, ಯಕೃತ್ತಿನ ರೋಗದಿಂದ ಸಾಯುವವರ ಪ್ರಮಾಣ ನೂರಕ್ಕೆ 400ರಷ್ಟು ಏರಿತ್ತು.

ಇನ್ನು ಹಣ ಬರುವ ಬಗೆ, ಹಂಚುವ ಬಗೆ. ಬರುವ ದಾರಿಗಳು ಹಲವು. ಉಯಿಲು ಬರೆಯುವಾಗ ಮಕ್ಕಳಿಗಿಷ್ಟು, ಬೆಕ್ಕಿಗಿಷ್ಟು, ಆಸ್ಪತ್ರೆಗಿಷ್ಟು ಎಂದು ಬರೆಯುವುದು ಇಂಗ್ಲೆಂಡಿನ ಮಧ್ಯಮವರ್ಗದಲ್ಲಿ ಬೇರೂರಿದ ರೂಢಿ. ಆದಾಯ ತೆರಿಗೆ ತೆರುವವನು ಒಂದು ಪೌಂಡು ಕೊಟ್ಟರೆ, ಅವನು ತೆತ್ತ ತೆರಿಗೆಯಿಂದ ಸರ್ಕಾರ 25 ಪೆನ್ನಿಗಳನ್ನು ದತ್ತಿಗೆ ಮರಳಿಸುವ ಏರ್ಪಾಡೂ ಇದೆ. ಇವೆಲ್ಲಕ್ಕಿಂತ ವಿನೋದವಾದದ್ದು ಓಟ. 1981ರಲ್ಲಿ ಮೊದಲಾದ ಲಂಡನ್ ಮ್ಯಾರಥಾನಿನಲ್ಲಿ ಓಡುವವನು ಒಬ್ಬ. 'ನೀನು ಓಡಿ ಮುಗಿಸು, ನಾನು ಹತ್ತು ಪೌಂಡು ಕೊಡುತ್ತೇನೆ' ಎನ್ನುವ ನೆಂಟರಿಷ್ಟರು ಹಲವರು. ನಮ್ಮಲ್ಲಿ ಉರುಳುಸೇವೆಯ ಹರಕೆ ಹೊತ್ತವರನ್ನು ಕಂಡವರಿಗೆ ಇದು ಪೂರಾ ಹೊಸದೇನೂ ಅಲ್ಲ. ದೇಹ ದಂಡಿಸದೆ ಕೈ ಬಿಚ್ಚಬಾರದೆಂಬ ನಂಬಿಕೆ ಎಲ್ಲ ದೇಶಗಳಲ್ಲಿಯೂ ಉಂಟೆಂದು ಕಾಣುತ್ತದೆ.

ಕೂಡಿಬಂದದ್ದನ್ನು ಹಂಚುವುದು ಕೂಡಿಸುವುದಕ್ಕಿಂತ ಕಠಿಣ. ಧರ್ಮದರ್ಶಿಗಳು ತಮಗೆ ಮೆಚ್ಚಿಗೆಯಾದ ವೈದ್ಯನನ್ನು ಕರೆದು ಚೀಲ ಒಪ್ಪಿಸುವ ಕಾಲ ಹಿಂದಾಯಿತು. ಅರ್ಜಿಗಳನ್ನು ಕರೆಯುತ್ತಾರೆ. ಒಬ್ಬೊಬ್ಬ ಸಂಶೋಧಕನೂ ತನ್ನ ಪ್ರಶ್ನೆಯೇನು, ಅದಕ್ಕೆ ಈವರೆಗಿನ ಆಧಾರವೇನು, ಎಷ್ಟು ರೋಗಿಗಳು ಬೇಕು, ಎಷ್ಟು ಹಣ ಬೇಕು ಎಂಬುದನ್ನು ಬರೆಯಬೇಕು. ಆ ಅರ್ಜಿ ಅವನೊಡನೆ ಸಂಬಂಧವಿಲ್ಲದ, ಅನೇಕ ವೇಳೆ ಬೇರೆ ದೇಶದ, ಅದೇ ವಿಷಯದ ತಜ್ಞರ ಕೈಗೆ ಹೋಗುತ್ತದೆ. ಅವರು ಅಂಕ ಕೊಟ್ಟು ದೋಷಗಳನ್ನು ಬರೆದು ಕಳುಹಿಸುತ್ತಾರೆ. ಸಮಿತಿ ಕುಳಿತು ಎಲ್ಲವನ್ನೂ ಒಟ್ಟಿಗೆ ತೂಗುತ್ತದೆ. ಸಮಿತಿಯವನ ಸ್ವಂತ ಕಾಲೇಜಿನ ಅರ್ಜಿ ಬಂದರೆ ಅವನು ಎದ್ದು ಹೊರಗೆ ಹೋಗಬೇಕು. 1987ರಲ್ಲಿ ಬ್ರಿಟನ್ನಿನ ವೈದ್ಯಸಂಶೋಧನ ದತ್ತಿಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಹೊರಗಿನ ತಜ್ಞರಿಂದ ಪರೀಕ್ಷೆ ಮಾಡಿಸದೆ ಹಣ ಹಂಚುವ ಸಂಸ್ಥೆಗೆ ಅದರಲ್ಲಿ ಜಾಗವಿಲ್ಲ. ಈಚೆಗೆ ಎಷ್ಟೋ ಸಮಿತಿಗಳಲ್ಲಿ ರೋಗವನ್ನು ಅನುಭವಿಸಿದ ಸಾಮಾನ್ಯರೂ ಕೂಡುತ್ತಾರೆ. ತಜ್ಞ ಬೆರಗಾಗುವ ಪ್ರಶ್ನೆಯನ್ನು ಕೆಲವೊಮ್ಮೆ ಕೇಳುವವರು ಅವರೇ: 'ಇದಕ್ಕಾಗಿ ತಿಂಗಳಿಗೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವವರು ಯಾರು?'

ಒಳ್ಳೆಯ ಅರ್ಜಿಗಳೆಲ್ಲಕ್ಕೂ ಹಣ ಸಾಲುವುದಿಲ್ಲ. ಸಿಕ್ಕಿದವನಿಗೂ ಅದು ಕಂತುಕಂತಾಗಿಯೇ; ವರ್ಷಕ್ಕೊಮ್ಮೆ ವರದಿ, ಕಡೆಗೆ ಲೆಕ್ಕ, ಉಳಿದ ಹಣ ವಾಪಸು. ಮೊತ್ತವೂ ಸಣ್ಣದೇ. ಆದರೆ ಅದರ ಮಹತ್ವವಿರುವುದು ಸಮಯದಲ್ಲಿ. ಸರ್ಕಾರದ ದೊಡ್ಡ ಸಂಶೋಧನ ಮಂಡಲಿಗಳು ಮೊದಲ ಪ್ರಯೋಗದ ಫಲವನ್ನು ತೋರಿಸೆನ್ನುತ್ತವೆ. ಮೊದಲ ಪ್ರಯೋಗಕ್ಕೆ ಹಣವೆಲ್ಲಿಂದ ಎಂದರೆ ಉತ್ತರವಿಲ್ಲ. ಆ ಸಂದಿಯಲ್ಲಿ ಎಲೆ ಹಾಕುವುದೇ ಇಂಥ ಸಣ್ಣ ದತ್ತಿಗಳ ಕೆಲಸ.

ದಾನದ ವಿಷಯದಲ್ಲಿ ನಮ್ಮ ಹಿರಿಯರು ಪಾತ್ರಾಪಾತ್ರ ವಿವೇಕವನ್ನು ಬಹುವಾಗಿ ವಿಚಾರಮಾಡಿದ್ದಾರೆ. ಯಕೃತ್ತಿನ ದತ್ತಿಗಳಿಗೆ ಎದುರಾಗುವ ದೊಡ್ಡ ಸಂಕಟವೂ ಇದೇ. 1984ರ ಜನವರಿಯಲ್ಲಿ ಬೆನ್ ಹಾರ್ಡ್‌ವಿಕ್ ಎಂಬ ಎರಡು ವರ್ಷದ ಮಗುವಿನ ಕಥೆಯನ್ನು ಬಿ.ಬಿ.ಸಿ. ದೂರದರ್ಶನದಲ್ಲಿ ಎಸ್ತರ್ ರಾಂಟ್ಸೆನ್ ನಾಡಿಗೆ ತಿಳಿಸಿದರು. ಅವನಿಗೆ ಹುಟ್ಟಿನಿಂದಲೇ ಪಿತ್ತನಾಳದ ದೋಷ. ಬೇರೊಂದು ಮಗುವಿನ ಯಕೃತ್ತಿನ ಕಸಿಯಾದರೆ ಮಾತ್ರ ಉಳಿವು. ಕೇಂಬ್ರಿಜ್‌ನಲ್ಲಿ ರಾಯ್ ಕಾನ್ ಎಂಬ ಶಸ್ತ್ರವೈದ್ಯರು ಕಸಿ ಮಾಡಿದರು. ದೇಶವೇ ಮಿಡಿಯಿತು, ಹಣ ಹರಿದುಬಂತು, ಮಕ್ಕಳು ತೀರಿಕೊಂಡಾಗ ಅಂಗದಾನಕ್ಕೆ ಒಪ್ಪುವ ತಂದೆತಾಯಿಗಳು ಮುಂದೆ ಬಂದರು. ಬೆನ್ 1985ರ ಮಾರ್ಚಿನಲ್ಲಿ, ಎರಡನೆಯ ಕಸಿಯ ಅನಂತರ, ತೀರಿಕೊಂಡ.

2002ರಲ್ಲಿ ಯಕೃತ್ತಿನ ಕಸಿ ಪಡೆದವನು ಜಾರ್ಜ್ ಬೆಸ್ಟ್. ಕಾಲ್ಚೆಂಡಾಟದ ಮಾಂತ್ರಿಕನೆನಿಸಿದ ಈ ಬೆಲ್‌ಫಾಸ್ಟಿನವನ ವೈದ್ಯರು ರೋಜರ್ ವಿಲಿಯಮ್ಸರೇ. ಆತ ಮದ್ಯದ ದಾಸ. ಕಸಿಯ ತರುವಾಯವೂ ಮತ್ತೆ ಕುಡಿದ. 2005ರ ನವೆಂಬರಿನಲ್ಲಿ ತನ್ನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಸತ್ತ. ಸತ್ತವರೊಬ್ಬರು ಬಿಟ್ಟುಹೋದ ಯಕೃತ್ತನ್ನು ಇಂಥವನಿಗೆ ಕೊಟ್ಟದ್ದು ಸರಿಯೇ ಎಂದು ಊರೆಲ್ಲ ಕೇಳಿತು. ಮಗುವಿನ ಮುಖಕ್ಕೆ ಬಿಚ್ಚಿದ ಥೈಲಿ ಕುಡುಕನ ಮುಖಕ್ಕೆ ಬಿಗಿಯಾಗುವುದು ಮನುಷ್ಯಸಹಜ, ಅದನ್ನು ಹಳಿಯಬೇಕಾದದ್ದಿಲ್ಲ. ಆದರೆ ಯಕೃತ್ತಿಗೆ ಈ ಭೇದ ಗೊತ್ತಿಲ್ಲ. ಪೆಟ್ಟು ಮದ್ಯದಿಂದ ಬೀಳಲಿ, ವೈರಾಣುವಿನಿಂದ ಬೀಳಲಿ, ಮುಚ್ಚಿದ ನಾಳದಿಂದ ಬೀಳಲಿ, ಪದೇ ಪದೇ ಬಿದ್ದಾಗ ಅದರೊಳಗಿನ ಒಂದು ಜಾತಿಯ ಕೋಶಗಳು—ಆರೋಗ್ಯದಲ್ಲಿ ಎ ಜೀವಸತ್ತ್ವವನ್ನು ಕೂಡಿಟ್ಟುಕೊಂಡು ತೆಪ್ಪಗಿರುವಂಥವು—ಗಾಯದ ನಾರನ್ನು ನೇಯತೊಡಗುತ್ತವೆ. ಮೆತ್ತಗಿದ್ದ ಅಂಗ ಗಂಟುಗಂಟಾಗಿ ಕಲ್ಲಾಗುತ್ತದೆ. ಈ ನೇಯ್ಗೆಯನ್ನು ನಿಲ್ಲಿಸುವ ಉಪಾಯ ಕುಡುಕನ ಚೂರಿನಲ್ಲಿ ಕಂಡರೆ ಅದರಿಂದ ಶಿಶುವಿಗೂ ಉಪಯೋಗವಾದೀತು. ಸಂಶೋಧನೆಗೆ ಕೊಡುವವನು ಪಾತ್ರತೆಯನ್ನು ನೋಡಬೇಕಾದದ್ದು ರೋಗಿಯಲ್ಲಿ ಅಲ್ಲ, ಪ್ರಶ್ನೆಯಲ್ಲಿ.

ಪ್ರಶ್ನೆ ಪಾತ್ರವಾದದ್ದಾದರೂ ಅದಕ್ಕೆ ಗಿರಾಕಿಯಿಲ್ಲದಿರುವುದುಂಟು. ನಮ್ಮ ದೇಶದ ಮಧ್ಯಮವರ್ಗದ ಮನೆಗಳನ್ನು ತಲೆಮಾರುಗಳ ಕಾಲ ಗೋಳಾಡಿಸಿದ ಒಂದು ರೋಗ ಇದಕ್ಕೆ ಸಾಕ್ಷಿ. ಒಂದೆರಡು ವರ್ಷದ, ಅಲ್ಲಿಯವರೆಗೆ ಗುಂಡುಗುಂಡಾಗಿದ್ದ ಮಗುವಿನ ಹೊಟ್ಟೆ ಊದಿಕೊಂಡು, ಯಕೃತ್ತು ಕಲ್ಲಿನಂತೆ ಗಟ್ಟಿಯಾಗಿ, ಕೆಲವೇ ತಿಂಗಳಲ್ಲಿ ಮಗು ಕೈಬಿಡುತ್ತಿತ್ತು. ಒಂದೇ ತಾಯಿಯ ಎರಡು ಮೂರು ಮಕ್ಕಳು ಹೀಗೆ ಹೋದದ್ದುಂಟು. ಮನೆಯವರು ಗ್ರಹಚಾರವೆಂದರು, ದೃಷ್ಟಿಯೆಂದರು. ಪುಣೆಯ ಕೆ.ಇ.ಎಂ. ಆಸ್ಪತ್ರೆ ಸಾರ್ವಜನಿಕ ಧರ್ಮನಿಧಿಯೊಂದರ ಆಡಳಿತದಲ್ಲಿರುವ ಆಸ್ಪತ್ರೆ. ಅಲ್ಲಿಯ ಮಕ್ಕಳ ವೈದ್ಯರಾದ ಆನಂದ ಪಂಡಿತ, ಶೀಲಾ ಭಾವೆ ಇವರೂ ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರರೂ ಸೇರಿ ತಾಯಂದಿರನ್ನು ಕೇಳಿದ ಪ್ರಶ್ನೆ ತೀರ ಸಾಧಾರಣವಾದದ್ದು: ಮಗುವಿಗೆ ಹಾಲು ಕಾಯಿಸುವುದು ಯಾವ ಪಾತ್ರೆಯಲ್ಲಿ? ರೋಗಿಷ್ಠ ಮಕ್ಕಳಿಗೆ ಎಳೆಯ ತಿಂಗಳುಗಳಿಂದಲೇ ಹಿತ್ತಾಳೆಯ, ತಾಮ್ರದ ಪಾತ್ರೆಯ ಹಸುವಿನ ಹಾಲೋ ಎಮ್ಮೆಯ ಹಾಲೋ ಸಿಕ್ಕಿತ್ತು. ಕಲಾಯಿಯಿಲ್ಲದ ಪಾತ್ರೆಯಿಂದ ತಾಮ್ರ ಹಾಲಿಗಿಳಿದು, ಹಾಲಿನ ಸಸಾರಜನಕಕ್ಕೆ ಅಂಟಿ, ಎಳೆಯ ಯಕೃತ್ತಿನಲ್ಲಿ ಶೇಖರವಾಗುತ್ತಿತ್ತು. 1983ರಲ್ಲಿ ಈ ಶಂಕೆ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. ವಂಶಗುಣದ ಪಾಲು ಇದ್ದೀತೆಂಬ ವಾದವೂ ಇದೆ. ಅದೇನೇ ಇರಲಿ, ಅಡಿಗೆಮನೆಗೆ ಉಕ್ಕಿನ ಪಾತ್ರೆ ಬಂದಂತೆ ಈ ರೋಗ ಅಪರೂಪವಾಗುತ್ತ ಹೋಯಿತು. ಈಗ ಓದಿ ಹೊರಬರುವ ತರುಣ ವೈದ್ಯರಲ್ಲಿ ಅದನ್ನು ಕಣ್ಣಾರೆ ಕಂಡವರು ಸಿಕ್ಕುವುದು ಕಷ್ಟ. 'ಪಾತ್ರೆ ಬದಲಾಯಿಸಿ' ಎಂಬುದರಿಂದ ಯಾವ ಔಷಧದ ಕಂಪೆನಿಗೂ ಒಂದು ಬಿಡಿಗಾಸು ಲಾಭವಿಲ್ಲ. ಇಂಥ ಪ್ರಶ್ನೆಗಳನ್ನು ಲಾಭದ ಹಣ ಕೇಳುವುದಿಲ್ಲ.

ದಾನಿಗಳಿಗೆ ಒಪ್ಪಿಸಲು ಅತ್ಯಂತ ಕಷ್ಟವಾದ ಮಾತೊಂದಿದೆ; ಅದು ಸೋಲಿನ ಮಾತು. 1970ರ ದಶಕದಲ್ಲಿ ವಿಲಿಯಮ್ಸರ ತಂಡ, ಯಕೃತ್ತು ಥಟ್ಟನೆ ಕೈಕೊಟ್ಟು ಪ್ರಜ್ಞೆ ತಪ್ಪಿದ ರೋಗಿಗಳ ರಕ್ತವನ್ನು ಇದ್ದಿಲಿನ ಮೂಲಕ ಹಾಯಿಸಿ ವಿಷವನ್ನು ಸೋಸಲೆಳಸಿತು. ಮೊದಮೊದಲು ಫಲ ಆಶಾದಾಯಕವಾಗಿ ಕಂಡಿತು. ಅಷ್ಟಕ್ಕೇ ತೃಪ್ತರಾಗಿ ಸನ್ಮಾನ ಮಾಡಿಸಿಕೊಳ್ಳಬಹುದಾಗಿತ್ತು. ಬದಲಿಗೆ ಅವರೇ ರೋಗಿಗಳನ್ನು ಚೀಟಿಯೆತ್ತಿದಂತೆ ಹಂಚಿ, ಇದ್ದಿಲಿನ ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದರು. 1988ರಲ್ಲಿ ಪ್ರಕಟವಾದ ತೀರ್ಪು: ಪ್ರಯೋಜನವಿಲ್ಲ. ವರ್ಷಗಳ ಹಣ, ವರ್ಷಗಳ ನಿದ್ದೆಗೆಟ್ಟ ರಾತ್ರಿಗಳು ಇದ್ದಿಲಾದವು ಎನ್ನಬೇಕೇ? ಆ ವರ್ಷಗಳಲ್ಲಿ ಅಂಥ ರೋಗಿಗಳೆಲ್ಲರ ಬಗ್ಗೆ ಆಸ್ಪತ್ರೆ ಬರೆದಿಟ್ಟ ವಿವರಗಳನ್ನು ಅದೇ ತಂಡ ಜಾಲಾಡಿ, ಯಾರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ, ಯಾರ ಪ್ರಾಣಕ್ಕೆ ಕಸಿಯೊಂದೇ ದಾರಿ ಎಂದು ಮೊದಲೇ ಹೇಳುವ ಕೆಲವು ಲಕ್ಷಣಗಳನ್ನು ಹೆಕ್ಕಿ 1989ರಲ್ಲಿ ಪ್ರಕಟಿಸಿತು. 'ಕಿಂಗ್ಸ್ ಕಾಲೇಜ್ ಸೂತ್ರಗಳು' ಎಂಬ ಹೆಸರಿನಲ್ಲಿ ಅವು ಪ್ರಪಂಚದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ.

ಅದೇ 1988ರಲ್ಲಿ ಕನ್ನಡಿಗರ ಹಿತ್ತಿಲಿಗೆ ಸೇರಿದ ಒಂದು ಸುದ್ದಿಯೂ 'ಲ್ಯಾನ್ಸೆಟ್'ನಲ್ಲಿ ಬಂತು. ಅದರ ಹಿಂದಿನ ಕಥೆ ಸ್ವಲ್ಪ ದೂರದ್ದು. ಫಿಲಡೆಲ್ಫಿಯದ ಕ್ಯಾನ್ಸರ್ ಸಂಶೋಧನ ಸಂಸ್ಥೆಯಲ್ಲಿದ್ದ ಬರೂಕ್ ಬ್ಲಂಬರ್ಗ್ ಯಕೃತ್ತಿನ ರೋಗವನ್ನು ಹುಡುಕಿ ಹೊರಟವರೇ ಅಲ್ಲ; ಬೇರೆ ಬೇರೆ ಜನಾಂಗಗಳ ರಕ್ತದಲ್ಲಿ ಹುಟ್ಟಿನಿಂದ ಬರುವ ಭೇದಗಳನ್ನು ಅರಸುತ್ತಿದ್ದರು. ಆಸ್ಟ್ರೇಲಿಯದ ಆದಿವಾಸಿಯೊಬ್ಬನ ರಕ್ತದಲ್ಲಿ ಕಂಡ ಒಂದು ವಿಚಿತ್ರ ವಸ್ತು ಕಾಮಾಲೆಯ ವೈರಾಣುವಿನ ಹೊದಿಕೆಯೆಂಬುದು 1967ರ ಹೊತ್ತಿಗೆ ಸ್ಪಷ್ಟವಾಗತೊಡಗಿತು. ಅದೇ ಹೆಪಟೈಟಿಸ್ ಬಿ. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ. 1981ರಲ್ಲಿ ಅಮೆರಿಕದ ಮರ್ಕ್ ಕಂಪೆನಿಯ ಲಸಿಕೆಗೆ ಸರ್ಕಾರದ ಅಪ್ಪಣೆ. ಲಸಿಕೆ ರೋಗ ಬಾರದಂತೆ ತಡೆಯುತ್ತದೆ. ಈಗಾಗಲೇ ವೈರಾಣುವನ್ನು ಹೊತ್ತವರಿಗೆ ಅದು ಪ್ರಯೋಜನವಿಲ್ಲ. ಅವರಿಗೇನು? ಮದರಾಸಿನ ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಬ್ಲಂಬರ್ಗರೊಡನೆ ಸೇರಿ ಪರೀಕ್ಷಿಸಿದ್ದು ನೆಲನೆಲ್ಲಿಯನ್ನು—ಕಾಮಾಲೆಯಾದವರಿಗೆ ನಮ್ಮ ಅಜ್ಜಿಯರು ಅರೆದು ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ ಕುಡಿಸುವ ಗಿಡ.

ಮೂವತ್ತು ದಿನ ನೆಲನೆಲ್ಲಿಯ ಮದ್ದು ಪಡೆದ 37 ಜನರಲ್ಲಿ 22 ಜನರ ರಕ್ತದಿಂದ ವೈರಾಣುವಿನ ಗುರುತು ಮಾಯವಾಗಿತ್ತು. ಮದ್ದೆಂದು ನಂಬಿಸಿ ಬರಿಯ ಗುಳಿಗೆ ಕೊಟ್ಟ 23 ಜನರಲ್ಲಿ ಒಬ್ಬನಿಗೆ ಮಾತ್ರ ಹಾಗಾಗಿತ್ತು. ಈ ಸುದ್ದಿ ಹುಟ್ಟಿಸಿದ ಸಂಭ್ರಮ ಸಣ್ಣದಲ್ಲ. ಆದರೆ 1990ರಲ್ಲಿ ಥಾಯ್‌ಲೆಂಡಿನ ವೈದ್ಯರು ಇದೇ ಸಸ್ಯವನ್ನು ಇಂಥ ಜನರಿಗೇ ಕೊಟ್ಟು ನೋಡಿ ವೈರಾಣು ಹೋಗಲಿಲ್ಲವೆಂದು ಅದೇ ಪತ್ರಿಕೆಗೆ ಬರೆದರು. ಅನಂತರದ ಪರೀಕ್ಷೆಗಳೂ ಮೊದಲಿನ ಫಲವನ್ನು ದೃಢಪಡಿಸಲಿಲ್ಲ. ಅಜ್ಜಿಯ ಮದ್ದು ಸುಳ್ಳೇ ಎಂದು ಯಾರಾದರೂ ನೊಂದುಕೊಂಡಾರು. ಸಾಮಾನ್ಯವಾಗಿ ಬರುವ ಕಾಮಾಲೆಗಳಲ್ಲಿ ಬಹುಪಾಲು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುವಂಥವು; ಆ ವಾರಗಳಲ್ಲಿ ಕುಡಿಸಿದ ಮಜ್ಜಿಗೆಗೆ ಕೀರ್ತಿ ಬರುವುದು ಸಹಜ. ರಕ್ತದಲ್ಲಿ ಬೇರೂರಿದ ಹೆಪಟೈಟಿಸ್ ಬಿ ಆ ಜಾತಿಯದಲ್ಲ.

ಆ ಮುಂದಿನ ವರ್ಷ, 1991ರಲ್ಲಿ, ಫಿಲಡೆಲ್ಫಿಯಕ್ಕೆ ದೂರವಲ್ಲದ ಡಾಯ್ಲ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ, ಈ ರೋಗಕ್ಕೆ ತುತ್ತಾದ ಒಂದು ತರುಣ ಸಂಸಾರದ ಕಷ್ಟವನ್ನು ಕಂಡ ಎರಡು ದಂಪತಿಗಳು ಕಲೆತು ಹೆಪಟೈಟಿಸ್ ಬಿ ಪ್ರತಿಷ್ಠಾನವನ್ನು ಆರಂಭಿಸಿದರು. ಅವರಲ್ಲಿ ತಿಮೊತಿ ಬ್ಲಾಕ್ ವೈರಾಣುಗಳ ವಿಜ್ಞಾನಿ, ಅವರ ಪತ್ನಿ ಜೋನ್ ದಾದಿ. ಪ್ರಪಂಚದಲ್ಲಿ ಕೋಟ್ಯಂತರ ಜನ ಹೊತ್ತಿರುವ ರೋಗ. 2022ರಲ್ಲಿ ಅವರ ಸಂಖ್ಯೆ 25 ಕೋಟಿ 40 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಅವರಲ್ಲಿ ಭಾರತದವರೇ 2 ಕೋಟಿ 98 ಲಕ್ಷ. ಇಷ್ಟಿದ್ದರೂ ಈ ರೋಗಕ್ಕೆಂದೇ ಮೀಸಲಾದ ಒಂದು ದತ್ತಿ ಅಮೆರಿಕದಂಥ ಸಿರಿವಂತ ದೇಶದಲ್ಲಿ ಅಲ್ಲಿಯವರೆಗೆ ಇರಲಿಲ್ಲ. 2003ರಲ್ಲಿ ಆ ಪ್ರತಿಷ್ಠಾನ ತನ್ನದೇ ಸಂಶೋಧನಾಲಯವನ್ನು ತೆರೆಯಿತು; ಈಗ ಅದಕ್ಕೆ ಬ್ಲಂಬರ್ಗರ ಹೆಸರು. 2011ರಲ್ಲಿ ಬ್ಲಂಬರ್ಗ್ ತೀರಿಕೊಂಡರು. ಅದೇ ವರ್ಷ ಮರ್ಕ್ ಕಂಪೆನಿ, ತನಗಿನ್ನು ಬೇಡವೆನಿಸಿದ, ಲೋಕದ ಮೂಲೆಮೂಲೆಗಳಿಂದ ತರಿಸಿದ್ದ ಗಿಡಮೂಲಿಕೆ, ಶಿಲೀಂಧ್ರಗಳ ಸಾರದ ದೊಡ್ಡ ಸಂಗ್ರಹವನ್ನು ಅವರಿಗೆ ದಾನವಾಗಿ ಕೊಟ್ಟಿತು. ಆ ಸೀಸೆಗಳನ್ನು ಜೋಡಿಸಿಟ್ಟುಕೊಂಡು, ವೈರಾಣುವನ್ನು ಕೊಲ್ಲುವ ಹಸುರು ಯಾವುದಾದರೂ ಇದೆಯೇ ಎಂದು ಅವರು ಹುಡುಕತೊಡಗಿದರು.